ಎಲ್ಲ ಅಂಗಳಗಳ ಆಟ

ಆ ಊರಿಗೆ ಹೆಸರಿರಲಿಲ್ಲ. ಕೂತು ಒಂದು ಹೆಸರಿಡುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಸಿಕ್ಕಿರಲಿಲ್ಲ, ಊರಿಗೆ ಊರೇ ಆಟದಲ್ಲಿ ಮುಳುಗಿತ್ತು. ಊರ ನಡುವೆ ಒಂದು ಗೋಡೆ. ಆ ಗೋಡೆಗೆ ತನ್ನದೇ ಬೆಳಕು. ಗೋಡೆಯ ಬುಡದಲ್ಲೊಂದು ಹಾಸುಗಲ್ಲು. ಬಣ್ಣ ಬರೆದ ಆಟದ ಎಲೆಯನ್ನು, ಇಸ್ಪೀಟೆಲೆಯಷ್ಟೇ ಗಾತ್ರದ್ದು, ಆ ಕಲ್ಲಿನ ಮೇಲೆ ಇಟ್ಟರೆ ಸಾಕು, ಎಲೆಯಲ್ಲಿ ಬರೆದದ್ದು ಗೋಡೆಯ ಮೇಲೆ ಜೀವ ತಳೆಯುತ್ತಿತ್ತು. ಕುದುರೆ ಬರೆದಿದ್ದರೆ ಕುದುರೆ ಓಡುತ್ತಿತ್ತು. ನಗು ಬರೆದಿದ್ದರೆ ಗೋಡೆ ನಗುತ್ತಿತ್ತು.

ಅಲ್ಲಿದ್ದದ್ದು ಒಂದೇ ಕಟ್ಟಳೆ. ಎಲೆಯ ಮೇಲೆ ಏನು ಬರೆಯಬೇಕೋ ಅದನ್ನು ಯಾರಾದರೂ ಕೊಡಬೇಕು. ಸುಮ್ಮನೆ ಊಹಿಸಿ ಬರೆದ ಎಲೆಗೆ ಆ ಗೋಡೆ ಕ್ಯಾರೇ ಅನ್ನುತ್ತಿರಲಿಲ್ಲ. ಎತ್ತಿನ ಗುಟುರು ಬೇಕಾದರೆ ಎತ್ತಿನ ಒಡೆಯ ಗುಟುರು ಕೊಡಬೇಕು; ಕೊಟ್ಟ ಮೇಲೆ ಎತ್ತು ಮೂಕ. ಮಲ್ಲಿಗೆಯ ಕಂಪು ಬೇಕಾದರೆ ಹೂ ಮಾರುವವಳು ಕಂಪು ಕೊಡಬೇಕು. ಕೊಟ್ಟ ಮೇಲೆ ಹೂವು ಬರೀ ಬಿಳುಪು. ಎಲೆಗಾರ, ಅಂದರೆ ಎಲೆ ಬರೆಯುವವನು, ಕುಂಚ ತೊಳೆದು ಎದುರಿಗೆ ಕೂತು ಕೇಳುತ್ತಿದ್ದ.

"ಕೊಟ್ಟಿರಾ?"

"ಕೊಟ್ಟೆ."

"ಮನಸಾರೆ ಕೊಟ್ಟಿರಾ?"

"ಮನಸಾರೆ ಕೊಟ್ಟೆ."

"ಆಟ ಮುಗಿಯೋತನಕ?"

"ಆಟ ಮುಗಿಯೋತನಕ."

ಆಮೇಲೆ ಕುಂಚವನ್ನು ಬಣ್ಣಕ್ಕೆ ಅದ್ದುತ್ತಿದ್ದ. ಆಟ ಮುಗಿದ ಗಳಿಗೆಯಲ್ಲೇ ಎಲೆ ಬರಿದಾಗಿ, ಕೊಟ್ಟದ್ದು ಕೊಟ್ಟವರ ಬಳಿಗೆ ತಾನಾಗಿ ಮರಳುತ್ತಿತ್ತು. ಬೆಳಗ್ಗೆ ಕೊಟ್ಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಎತ್ತು ಗುಟುರು ಹಾಕುತ್ತಿತ್ತು, ಮಲ್ಲಿಗೆ ಗಮಗುಡುತ್ತಿತ್ತು. ಹಾಗಾಗಿ ಆ ಊರಿನವರಿಗೆ ಕೊಡುವುದೆಂದರೆ ಭಯವೇ ಇರಲಿಲ್ಲ.

ಗೋಡೆಯ ಮುಂದೆ, ನಡುನಡುವೆ ಮೋಟುಗೋಡೆ ಹಾಕಿದ ಬೇರೆ ಬೇರೆ ಅಂಗಳಗಳಿದ್ದವು. ಯುದ್ಧದ ಅಂಗಳ, ಬೆಳೆಯ ಅಂಗಳ, ಓಟದ ಅಂಗಳ, ಒಗಟಿನ ಅಂಗಳ, ಕಥೆಯ ಅಂಗಳ. ಒಂದೊಂದಕ್ಕೆ ಒಂದೊಂದು ಆಟ, ಒಂದೊಂದು ರೀತಿ. ಯುದ್ಧದಲ್ಲಿ ಕತ್ತಿಗೆ ಕತ್ತಿ ಎದುರು, ಬೆಳೆಯಲ್ಲಿ ಮಳೆಗೆ ಬೀಜ ಕಾಯಬೇಕು, ಕಥೆಯಲ್ಲಿ ಅಳುವ ಎಲೆ ಇಟ್ಟರೆ ಗೋಡೆ ಮನಸಾರೆ ಅಳುತ್ತಿತ್ತು, ನೋಡುವವರೂ ಅಳುತ್ತಿದ್ದರು. ಒಂದು ಅಂಗಳದ ಎಲೆ ಇನ್ನೊಂದು ಅಂಗಳಕ್ಕೆ ಹೋಗುತ್ತಿರಲಿಲ್ಲ. ಹೋಗಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ.

ಹೊಸ ಆಟ ಹುಟ್ಟಿದಾಗಲೆಲ್ಲ ಅದನ್ನು ಎಲ್ಲರಿಗಿಂತ ಮೊದಲು ಆಡುತ್ತಿದ್ದವಳು ಒಬ್ಬ ಹೆಂಗಸು. ಅವಳನ್ನು ಮೊದಲಾಟದವಳು ಎಂದೇ ಕರೆಯುತ್ತಿದ್ದರು. ಆಡುವ ದಿನದವರೆಗೆ ಅವಳು ಆ ಆಟದ ಎಲೆಗಳನ್ನು ಕಣ್ಣಿಂದ ನೋಡುವಂತಿರಲಿಲ್ಲ. ಊರಿನ ಎದುರು ಕೂತು, ತುದಿಯವರೆಗೆ ಆಡಿ, ಮುಗಿಸಿ ಏಳಬೇಕು. ಹಾಗೆ ಮುಗಿಸಿ ಅವಳು ಎದ್ದರೆ ಆಟ ಮುಗಿದಂತೆ. ಅವಳು ಏಳುವ ತನಕ ಯಾರ ಸೊತ್ತೂ ಯಾರಿಗೂ ಮರಳದು.

ಅವಳಿಗೊಬ್ಬಳು ಮಗಳು. ಹಲ್ಲು ಬೀಳುವ ವಯಸ್ಸಿನ ಹುಡುಗಿ. ಆ ಹುಡುಗಿ "ಅಮ್ಮಾ" ಎಂದು ಕರೆಯುವುದನ್ನು ಕೇಳಲೆಂದೇ ಬೀದಿಯವರು ಜಗಲಿಗೆ ಬಂದು ಕೂರುತ್ತಿದ್ದರು ಎಂದರೆ ನೀವು ನಂಬಬೇಕು. ಬೀದಿಯ ತಿರುವಿನಲ್ಲಿ ಶುರು ಮಾಡಿದರೆ ಹೊಸ್ತಿಲು ದಾಟುವ ತನಕ ಎಳೆಯುತ್ತಿದ್ದಳು. ಹಸಿವಾದರೆ ಒಂದು ರಾಗ, ಮಂಡಿ ತರಚಿಕೊಂಡರೆ ಇನ್ನೊಂದು, ಸುಳ್ಳು ಹೇಳುವ ಮುಂಚೆ ಮತ್ತೊಂದು. ಮೊದಲಾಟದವಳು ಒಳಗೆ ರೊಟ್ಟಿ ತಟ್ಟುತ್ತಲೇ ಕರೆದ ಬಗೆಯಿಂದಲೇ ಕಾರಣ ಹೇಳಿಬಿಡುತ್ತಿದ್ದಳು. ಎಷ್ಟೋ ಆಟ ಗೆದ್ದವಳು ಅವಳು, ಆದರೆ ತನ್ನದು ಅಂತ ಅವಳಿಗೆ ಇದ್ದದ್ದು ಆ ಕರೆ ಒಂದೇ.

ಹೀಗಿರುವಾಗ ಎಲೆಗಾರನಿಗೆ ಒಂದು ಆಸೆ ಹೊಕ್ಕಿತು. ಕೆಟ್ಟವನಲ್ಲ ಪಾಪ. ಅವನ ಬೆರಳುಗಳಲ್ಲಿ ಜಾದೂ ಇತ್ತು, ಕಾಲು ಮಾತ್ರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಬೆಳಗ್ಗೆ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಸಾರಿದ.

"ಇಷ್ಟು ದಿನ ಚೂರು ಚೂರು ಆಟ ಆಡಿದ್ದೀವಿ. ಇಲ್ಲೊಂದು ತುತ್ತು, ಅಲ್ಲೊಂದು ತುತ್ತು. ನಾನು ಒಂದೇ ಆಟ ಕಟ್ತೀನಿ. ಅದರಲ್ಲಿ ಯುದ್ಧ ಇರುತ್ತೆ, ಬೆಳೆ ಇರುತ್ತೆ, ಓಟ ಇರುತ್ತೆ, ಒಗಟಿರುತ್ತೆ, ಕಥೆ ಇರುತ್ತೆ. ಅಂಗಳದ ಗೋಡೆಗಳನ್ನೆಲ್ಲ ಕೆಡವಿಬಿಡೋಣ. ಈ ಊರಲ್ಲಿರೋ ಒಳ್ಳೇದೆಲ್ಲ ಒಂದೇ ಕಂತೆಯಲ್ಲಿ ಬರಲಿ!"

ಜನ ಹುಚ್ಚೆದ್ದು ಕುಣಿದರು. ಕೇಳಿದ್ದನ್ನೆಲ್ಲ ಕೊಟ್ಟರು. ಕಟ್ಟೆಯ ಅಜ್ಜ, ಊರಿಗೆ ಹಿರಿಯ, ತನ್ನ ಮಧ್ಯಾಹ್ನದ ಗಾಢ ನಿದ್ದೆಯನ್ನೂ ರಾತ್ರಿಯ ನಿದ್ದೆಯನ್ನೂ ಒಟ್ಟಿಗೆ ಕೊಟ್ಟ. ಪೈಲ್ವಾನ ತನ್ನ ಸಿಟ್ಟು ಕೊಟ್ಟ. ಅದು ಊರಲ್ಲೇ ದೊಡ್ಡ ಸಿಟ್ಟು, ಹೋರಿಗಳೂ ಅದಕ್ಕೆ ದಾರಿ ಬಿಡುತ್ತಿದ್ದವು. ಹೊಸದಾಗಿ ಮದುವೆಯಾದವಳು ತನ್ನ ನಾಚಿಕೆ ಕೊಟ್ಟಳು. ಕೊಟ್ಟವರೆಲ್ಲ ಎಲೆಗಾರನ ಮನೆಯಿಂದ ನಗುನಗುತ್ತ ಹೊರಬಂದರು.

ಕಡೆಗೆ ಎಲೆಗಾರ ಮೊದಲಾಟದವಳ ಮನೆಗೆ ಬಂದ. ನೀರು ಕುಡಿದ, ಕೂತ, ಎದ್ದ, ಮತ್ತೆ ಕೂತ.

"ಅಕ್ಕಾ, ಎಲ್ಲ ಸಿಕ್ತು. ಆದರೆ ಆಟಕ್ಕೆ ಎದೆಬಡಿತ ಇಲ್ಲ. ನಿನ್ನ ಮಗಳ ಕರೆ ಕೊಡಿಸು."

ಮೊದಲಾಟದವಳು ತಟ್ಟುತ್ತಿದ್ದ ರೊಟ್ಟಿ ಬಿಟ್ಟು ತಿರುಗಿದಳು. "ಅದೊಂದು ಬಿಟ್ಟು ಬೇರೇನಾದರೂ ಕೇಳಪ್ಪಾ."

"ಅದೇ ಬೇಕಕ್ಕಾ. ಇಡೀ ಆಟ ಅದರ ಸುತ್ತಲೇ ತಿರುಗುತ್ತೆ. ಗೋಡೆಯ ಮೇಲೆ ಆ ಕರೆ ಕೇಳಿದ ದಿನ, ತಾಯಿ ಇಲ್ಲದವರೂ ತಿರುಗಿ ನೋಡ್ತಾರೆ."

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಹುಡುಗಿ ಕುಣಿಯುತ್ತ ಬಂದಳು. ತನ್ನ ಧ್ವನಿ ಗೋಡೆಯ ಮೇಲೆ ಬರುತ್ತದೆಂದರೆ ಯಾವ ಮಗು ಬೇಡ ಅನ್ನುತ್ತೆ?

"ನಾನು ಕೊಡ್ತೀನಿ! ಸಂಜೆಗೆ ವಾಪಸ್ ಬರುತ್ತಲ್ಲಾ ಮಾವಾ?"

"ಆಟ ಮುಗಿದ ಸಂಜೆಗೆ ಪುಟ್ಟೀ," ಎಂದ ಎಲೆಗಾರ.

ಆ ಎರಡು ಮಾತಿನ ನಡುವಿನ ಅಂತರವನ್ನು ಮೊದಲಾಟದವಳು ಆಗ ಅಳೆಯಲಿಲ್ಲ. ಕೊಟ್ಟೆಯಾ, ಕೊಟ್ಟೆ. ಮನಸಾರೆ ಕೊಟ್ಟೆಯಾ, ಮನಸಾರೆ ಕೊಟ್ಟೆ. ಎಲೆಗಾರ ಹೊರಟುಹೋದ. ಮಗಳು ಬಂದು ತಾಯಿಯ ಸೆರಗು ಜಗ್ಗಿದಳು, ಬಾಯಿ ತೆರೆದಳು, ಏನೂ ಬರಲಿಲ್ಲ. ಬೇರೆ ಮಾತೆಲ್ಲ ಬರುತ್ತಿತ್ತು. ಹಸಿವು ಅನ್ನುತ್ತಿದ್ದಳು, ನೀರು ಅನ್ನುತ್ತಿದ್ದಳು. ಆ ಒಂದು ಕರೆಯ ಜಾಗದಲ್ಲಿ ಮಾತ್ರ ಬಾಯಿ ತೆರೆದುಕೊಂಡು ಹಾಗೇ ಮುಚ್ಚಿಕೊಳ್ಳುತ್ತಿತ್ತು.

ಸಂಜೆಯಾಯಿತು. ಆಟ ಮುಗಿಯಲಿಲ್ಲ, ಶುರುವೇ ಆಗಿರಲಿಲ್ಲ. ಮಳೆಗಾಲ ಬಂತು, ಹೋಯಿತು. ಚಳಿ ಬಂತು, ಹೋಯಿತು. ಯಾರಾದರೂ ಹೋಗಿ ಕೇಳಿದರೆ ಎಲೆಗಾರ ಬಣ್ಣ ಮೆತ್ತಿದ ಮುಖ ಹೊರಗೆ ಹಾಕಿ, "ಇನ್ನೇನು ಆಯ್ತು, ಮೀನು ಹಿಡಿಯೋದೊಂದು ಸೇರಿಸಿಬಿಡ್ತೀನಿ," ಎನ್ನುತ್ತಿದ್ದ. ಇನ್ನೊಮ್ಮೆ ಕೇಳಿದರೆ, "ಅಡುಗೆಯದೊಂದು ಸೇರಿಸ್ತೀನಿ, ಅಷ್ಟೇ." ಅಜ್ಜನ ಕಣ್ಣು ಕೆಂಪಗಾಗಿ ಕುಳಿ ಬಿದ್ದವು. ಪೈಲ್ವಾನನನ್ನು ಪುಂಡರು ದಿನಾ ಕೆಣಕಿ ನಗುತ್ತಿದ್ದರು, ಅವನು ಸುಮ್ಮನೆ ತಲೆ ಕೆರೆದುಕೊಳ್ಳುತ್ತಿದ್ದ. ಮೊದಲಾಟದವಳು ಬೀದಿಯ ತಿರುವಿನ ಕಡೆ ಕಿವಿ ಇಟ್ಟುಕೊಂಡೇ ರೊಟ್ಟಿ ತಟ್ಟುತ್ತಿದ್ದಳು, ರೊಟ್ಟಿ ಹಂಚಿನ ಮೇಲೆ ಸೀದುಹೋಗುತ್ತಿತ್ತು.

ಕೊನೆಗೆ ನಿದ್ದೆಗೆಟ್ಟ ಅಜ್ಜ ಕೋಲು ಊರಿಕೊಂಡು ಹೋಗಿ ಎಲೆಗಾರನ ಬಾಗಿಲು ಬಡಿದ. "ಸೇರಿಸಿದ್ದು ಸಾಕು ಮಾರಾಯ! ಇದ್ದಷ್ಟು ಆಡಿಸು. ನಾನು ಮಲಗಬೇಕು."

ಆಟದ ದಿನ ಊರೆಲ್ಲ ಗೋಡೆಯ ಮುಂದೆ ನೆರೆಯಿತು. ಅಂಗಳಗಳ ಗೋಡೆಗಳನ್ನು ಆಗಲೇ ಕೆಡವಿಯಾಗಿತ್ತು. ಮೊದಲಾಟದವಳು ತಲೆಗೆ ಸ್ನಾನ ಮಾಡಿ, ಮಗಳನ್ನು ನೆರೆಮನೆಯವರ ಬಳಿ ಬಿಟ್ಟು ಬಂದು ಹಾಸುಗಲ್ಲಿನ ಮುಂದೆ ಕೂತಳು. ಎಲೆಗಾರ ಕಂತೆ ತಂದು ಅವಳ ಮುಂದಿಟ್ಟ. ಅಷ್ಟು ದಪ್ಪನೆಯ ಕಂತೆಯನ್ನು ಆ ಊರು ಕಂಡಿರಲಿಲ್ಲ.

ಅವಳು ಮೊದಲ ಎಲೆ ಇಟ್ಟಳು. ಅಬ್ಬಾ! ಸುಳ್ಳು ಹೇಳಬಾರದು, ಶುರುವಿನಲ್ಲಿ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಗೋಡೆಯ ಮೇಲೆ ಬೆಟ್ಟಗಳು ಎದ್ದವು, ಹೊಲ ಹಸಿರಾಯಿತು, ದೂರದಲ್ಲಿ ಕೋಟೆ, ಕೋಟೆಯ ಮೇಲೊಬ್ಬ ಕಪ್ಪು ದೊರೆ, ಅವನನ್ನು ಸೋಲಿಸಿದರೆ ಆಟ ಮುಗಿಯುತ್ತದೆ. ಎಲೆಗಾರನ ಕಣ್ಣಲ್ಲಿ ನೀರಾಡಿತು. ಇಂಥದ್ದನ್ನು ಯಾರೂ ಕಟ್ಟಿರಲಿಲ್ಲ, ನಿಜ.

ಆಮೇಲೆ ಶುರುವಾಯಿತು ಎಡವಟ್ಟು. ಅವಳು ಬಿತ್ತಲು ಬಗ್ಗಿದರೆ ಕುದುರೆ ಓಟ ಶುರು. ಓಟದ ನಡುವೆ ಒಬ್ಬ ಮುದುಕ ಬಂದು ಒಗಟು ಕೇಳಿದ. ಒಗಟು ಬಿಡಿಸುವಷ್ಟರಲ್ಲಿ ಬೆಳೆ ಒಣಗಿತು. ಒಣಗಿದ ಬೆಳೆಗೆ ನೀರು ತರೋಣವೆಂದರೆ ಯುದ್ಧದ ಕಹಳೆ. ಯುದ್ಧದ ನಡುವೆ, ತಲೆಗಳು ಉರುಳುತ್ತಿರುವಾಗ, ಕಥೆಯ ಹೆಂಗಸೊಬ್ಬಳು ಬಂದು ತನ್ನ ದುಃಖ ಹೇಳಿಕೊಂಡಳು. ಕೇಳಿ ಕಳಿಸಿದರೆ ಮತ್ತೆ ಬಂದು ಅದೇ ದುಃಖವನ್ನು ಅದೇ ಮಾತಲ್ಲಿ ಹೇಳಿದಳು. ಮೊದಲಾಟದವಳು ಮೀನು ಹಿಡಿದಳು. ಆ ಮೀನನ್ನು ಏನು ಮಾಡಬೇಕೆಂದು ಆಟ ಹೇಳಲೇ ಇಲ್ಲ.

ಜನ ಗುಸುಗುಸು ಎನ್ನತೊಡಗಿದರು. ಆದರೆ ಅವಳು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಎಲೆಗಳ ಮೂಲೆಯನ್ನು ನೋಡುತ್ತಿದ್ದಳು. ಪ್ರತಿ ಎಲೆಯ ಮೂಲೆಯಲ್ಲೂ ಒಂದು ಅಂಕಿ ಬರೆದಿತ್ತು. ಹಳೆಯ ಯಾವ ಆಟದ ಎಲೆಯಲ್ಲೂ ಅಂಕಿ ಇರುತ್ತಿರಲಿಲ್ಲ.

ಕಪ್ಪು ದೊರೆಯ ಆನೆ ಎದುರಾದಾಗ ಅವಳ ಕೈಗೆ ಅಜ್ಜನ ನಿದ್ದೆ ಬಂತು. ಅದನ್ನು ಇಟ್ಟರೆ ಆನೆ ಮಲಗುತ್ತದೆ ಅಂದುಕೊಂಡಳು. ಕಲ್ಲಿನ ಮೇಲೆ ಇಟ್ಟಳು. ಆನೆ ಮಲಗಲಿಲ್ಲ, ಆಕಳಿಸಲೂ ಇಲ್ಲ. ಗೋಡೆಯ ಮೇಲೆ ಕೆಂಪಗೆ ಐದು ಎಂಬ ಅಂಕಿ ಎದ್ದು, ಆನೆಯ ಬಲದಿಂದ ಐದು ಕಳೆದು, ಮಾಯವಾಯಿತು.

"ನನ್ನ ನಿದ್ದೆ ಎಲ್ಲಮ್ಮಾ?" ಎಂದ ಅಜ್ಜ.

ಅವಳು ಪೈಲ್ವಾನನ ಸಿಟ್ಟು ಇಟ್ಟಳು. ಗೋಡೆ ಗುಡುಗಲಿಲ್ಲ. ಒಂಬತ್ತು ಎದ್ದಿತು, ಮಾಯವಾಯಿತು. ಮದುವಣಗಿತ್ತಿಯ ನಾಚಿಕೆ ಇಟ್ಟಳು. ಒಂದು ಎದ್ದಿತು, ಮಾಯವಾಯಿತು. ಗೋಡೆಯ ಮುಂದೆ ಕೂತಿದ್ದ ಜನ ದಂಗಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಕೊಟ್ಟಿದ್ದೇನು, ಗೋಡೆಯ ಮೇಲೆ ಕಾಣುತ್ತಿರುವುದೇನು!

ಮೊದಲಾಟದವಳು ಕಂತೆಯ ಮೇಲೆ ಕೈಯಿಟ್ಟು ತಿರುಗಿದಳು. "ಎಲೆಗಾರ, ಏನಪ್ಪಾ ಈ ಅಂಕಿ?"

ಎಲೆಗಾರ ಉತ್ಸಾಹದಿಂದಲೇ ಮುಂದೆ ಬಂದ. "ಅದೇ ಅಕ್ಕಾ ಇದರ ಗುಟ್ಟು! ಅಂಗಳಗಳೆಲ್ಲ ಒಂದಾದಾಗ ಜೋಳದ ತೆನೆ ಕುದುರೆಗೆ ಎದುರಾಗುತ್ತೆ, ಒಗಟು ಕತ್ತಿಗೆ ಎದುರಾಗುತ್ತೆ. ಯಾವುದು ಗೆಲ್ಲಬೇಕು? ಎಲ್ಲಕ್ಕೂ ಒಂದೇ ಅಳತೆ ಬೇಡ್ವಾ? ಅದಕ್ಕೆ ಎಲ್ಲಕ್ಕೂ ಅಂಕಿ ಹಾಕಿದೆ. ಅಂಕಿ ಹಾಕದಿದ್ರೆ ಇವೆಲ್ಲ ಒಂದೇ ಆಟ ಆಗೋದೇ ಇಲ್ಲ."

"ನನ್ನ ಮಗಳ ಕರೆಗೆ?"

ಎಲೆಗಾರ ತಡವರಿಸಿದ. "ಎರಡು."

"ಎರಡಾ?"

"ಕಮ್ಮಿ ಅಂತ ಅಲ್ಲಕ್ಕಾ. ಮೊದಲು ಹತ್ತು ಹಾಕಿದ್ದೆ. ಆಟ ತೂಕ ತಪ್ಪಿತು. ಆರು ಹಾಕಿದೆ, ಆಗಲೂ ತಪ್ಪಿತು. ಎರಡಕ್ಕೆ ಇಳಿಸಿದ ಮೇಲೆ ಸರಿಯಾಗಿ ಕೂತಿತು."

ಅವನಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿರಲಿಲ್ಲ. ಅದು ಅವಳಿಗೂ ಕಂಡಿತು. ಅದಕ್ಕೇ ಅವಳಿಗೆ ಇನ್ನಷ್ಟು ಭಯವಾಯಿತು. ಹೊಡೆದು ಬುದ್ಧಿ ಹೇಳೋಣವೆಂದರೆ ಅವನು ಕಳ್ಳನಲ್ಲ, ಮೋಸಗಾರನಲ್ಲ. ಊರನ್ನು ಪ್ರೀತಿಸಿಯೇ ಅವನು ಇದನ್ನು ಮಾಡಿದ್ದ.

ಅವಳು ಮುಂದೆ ಆಡಿದಳು. ಅರ್ಧಕ್ಕೆ ಎದ್ದು ಹೋಗುವ ಹಾಗಿರಲಿಲ್ಲ. ಮಗಳ ಕರೆಯ ಎಲೆ ಕೈಗೆ ಬಂದಾಗ ಅದನ್ನು ಎಲ್ಲದರ ಹಿಂದೆ ಅಡಗಿಸಿ ಹಿಡಿದಳು. ಎಲೆಯಲ್ಲಿ ಸಣ್ಣ ಬಾಯೊಂದು ತೆರೆದಿತ್ತು, ಮುಂದಿನ ಹಲ್ಲು ಬಿದ್ದ ಜಾಗ ಖಾಲಿ. ಎಂಥ ಚೆಂದದ ಚಿತ್ರ! ಅದನ್ನು ಬಿಟ್ಟು ಬೇರೆ ಎಲ್ಲವನ್ನೂ ಇಟ್ಟಳು. ಹೂವಿನ ಕಂಪು ಇಟ್ಟಳು, ಮೂರು. ಕೋಗಿಲೆಯ ಕೂಗು ಇಟ್ಟಳು, ನಾಲ್ಕು. ಸತ್ತ ಗಂಡನ ನೆನಪು ಕೊಟ್ಟ ವಿಧವೆಯೊಬ್ಬಳ ಎಲೆ ಇಟ್ಟಳು, ಮೂರು. ಆ ವಿಧವೆ ಜನರ ನಡುವಿನಿಂದ ಎದ್ದು ನಿಂತು, ಏನು ಕೇಳಬೇಕೆಂದು ತಿಳಿಯದೆ, ಮತ್ತೆ ಕೂತಳು.

ಕೊನೆಗೆ ಕೋಟೆಯ ಮೇಲೆ ಕಪ್ಪು ದೊರೆ ಒಬ್ಬನೇ ಉಳಿದ. ಅವನ ತಲೆಯ ಮೇಲಿನ ಬಲದ ಅಂಕಿಯಲ್ಲಿ ಉಳಿದದ್ದು ಎರಡು. ಅವಳ ಕೈಯಲ್ಲಿ ಉಳಿದದ್ದು ಒಂದೇ ಎಲೆ.

ಅವಳು ಎಲೆಯನ್ನು ಎದೆಗೆ ಒತ್ತಿಕೊಂಡು ಕೂತಳು. ಇಡದಿದ್ದರೆ ಆಟ ಮುಗಿಯದು. ಮುಗಿಯದಿದ್ದರೆ ಯಾರಿಗೂ ಏನೂ ಮರಳದು, ಮಗಳ ಬಾಯಿಗೂ ಮರಳದು. ಇಡೋಣವೆಂದರೆ ಕೈ ಏಳಲಿಲ್ಲ.

"ಇಡಮ್ಮಾ," ಎಂದ ಅಜ್ಜ. ಅವನ ಧ್ವನಿಯಲ್ಲಿ ಶಕ್ತಿಯೇ ಇರಲಿಲ್ಲ. "ಕಾಲಿಗೆ ಬೀಳ್ತೀನಿ, ಇಟ್ಟುಬಿಡು. ಕಣ್ಣು ಮುಚ್ಚಿ ಎಷ್ಟು ಕಾಲ ಆಯ್ತು."

"ಇಡು ತಾಯೀ," ಎಂದರು ಜನ. "ಮುಗಿದುಹೋಗಲಿ. ನಮ್ಮದು ನಮಗೆ ಬರಲಿ."

ಅವಳು ಕಣ್ಣು ಮುಚ್ಚಿದಳು. ಗೋಡೆಯ ಮೇಲಾದರೂ ಒಮ್ಮೆ ಆ ಕರೆ ಕೇಳಲಿ ಎಂದುಕೊಂಡು ಎಲೆ ಇಟ್ಟಳು. ಅಷ್ಟರಲ್ಲಿ ಯುದ್ಧದ ನಗಾರಿ ಜೋರಾಗಿ ಬಡಿಯಿತು, ಓಟದ ಕುದುರೆಗಳು ಕೆನೆದವು, ಕಥೆಯ ಹೆಂಗಸು ಮತ್ತೆ ಬಂದು ತನ್ನ ದುಃಖ ಶುರು ಮಾಡಿದಳು. ಆ ಗದ್ದಲದಲ್ಲಿ ಕರೆ ಬಂತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕಣ್ಣು ತೆರೆದಾಗ ಗೋಡೆಯ ಮೇಲೆ ಎರಡು ಎಂಬ ಅಂಕಿ ಕೆಂಪಗೆ ಮೇಲೇರಿ ಆರಿಹೋಗುತ್ತಿತ್ತು. ದೊರೆ ಬಿದ್ದ. ಗೋಡೆ ತುಂಬ ಚಿನ್ನದ ಬಣ್ಣ ಸುರಿಯಿತು. ಅವಳು ಎದ್ದಳು. ಆಟ ಮುಗಿಯಿತು.

ಕಂತೆಯ ಎಲೆಗಳು ಒಂದೊಂದಾಗಿ ಬರಿದಾದವು. ಜನ ನಿಟ್ಟುಸಿರು ಬಿಟ್ಟರು, ಕೆಲವರು ನಕ್ಕರು. ಕಟ್ಟೆಯ ಅಜ್ಜ ಅಲ್ಲೇ ನೆಲದ ಮೇಲೆ ಟವೆಲ್ಲು ಹಾಸಿ, ಕೈಯನ್ನು ತಲೆದಿಂಬು ಮಾಡಿಕೊಂಡು ಮಲಗಿದ. ಸುತ್ತ ನಿಂತವರು ಸದ್ದು ಮಾಡಬೇಡಿರೆಂದು ಒಬ್ಬರಿಗೊಬ್ಬರು ಸನ್ನೆ ಮಾಡಿದರು. ಸ್ವಲ್ಪ ಹೊತ್ತಾಯಿತು. ಅಜ್ಜನ ಕಣ್ಣು ತೆರೆದೇ ಇದ್ದವು.

"ಬಂತೇನಜ್ಜಾ ನಿದ್ದೆ?"

"ಬಂತು," ಎಂದ ಅಜ್ಜ ಆಕಾಶ ನೋಡುತ್ತ. "ಐದು ಬಂತು."

ಯಾರಿಗೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಪುಂಡನೊಬ್ಬ ಎಂದಿನಂತೆ ಪೈಲ್ವಾನನ ಕಾಲು ತುಳಿದ, ತುಳಿದು ಹೆದರಿ ಹಿಂದೆ ಸರಿದ, ಸಿಟ್ಟು ಮರಳಿದೆಯಲ್ಲಾ! ಪೈಲ್ವಾನ ಎದೆ ಉಬ್ಬಿಸಿದ, ಮುಷ್ಟಿ ಬಿಗಿದ, ಬಾಯಿ ತೆರೆದು, "ಒಂಬತ್ತು," ಎಂದ. ಮುಷ್ಟಿ ತಾನಾಗಿ ಸಡಿಲವಾಯಿತು. ಗಂಡ ಹತ್ತಿರ ಬಂದಾಗ ಮದುವಣಗಿತ್ತಿ ಅವನ ಮುಖವನ್ನು ನೇರವಾಗಿ ನೋಡಿ, "ಒಂದು," ಎಂದಳು. ವಿಧವೆ ಎಲ್ಲರಿಗಿಂತ ದೂರದಲ್ಲಿ ಕೂತು ಮೂರು, ಮೂರು ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು. ಚಚ್ಚಿಕೊಂಡರೂ ಗಂಡನ ಮುಖ ನೆನಪಾಗುತ್ತಿರಲಿಲ್ಲ.

ಊರು ಬರಸಿಡಿಲು ಬಡಿದಂತೆ ನಿಂತಿತು. ಕೊಟ್ಟದ್ದು ಮರಳಿತ್ತು. ಎಲೆಯ ಮೇಲೆ ಹೇಗೆ ಬರೆದಿತ್ತೋ ಹಾಗೇ ಮರಳಿತ್ತು.

ಎಲೆಗಾರ ಮಾತ್ರ ಅಂಗಳದ ನಡುವೆ ಅಳುತ್ತ ನಿಂತಿದ್ದ. ಅವನು ಏನನ್ನೂ ಕೊಟ್ಟಿರಲಿಲ್ಲ, ಬರೆಯುವವನ ಬಳಿ ಕೊಡು ಎಂದು ಕೇಳುವವರು ಯಾರಿದ್ದರು? ಹಾಗಾಗಿ ಅವನ ಅಳು ಅಳುವಾಗಿಯೇ ಇತ್ತು, ಅವನ ಭಯ ಭಯವಾಗಿಯೇ ಇತ್ತು. "ಸರಿ ಮಾಡ್ತೀನಿ," ಎಂದು ಕೂಗಿದ. "ಇನ್ನೊಂದಿಷ್ಟು ಎಲೆ ಸೇರಿಸಿದ್ರೆ ಸರಿಹೋಗುತ್ತೆ. ಇನ್ನೊಂದು ಸರ್ತಿ ಆಡೋಣ. ಯಾರಾದರೂ ಏನಾದರೂ ಕೊಡಿ!" ಅವನನ್ನು ಬಯ್ಯುವವರೂ ಇರಲಿಲ್ಲ. ಊರಿನ ದೊಡ್ಡ ಸಿಟ್ಟು ಒಂಬತ್ತಾಗಿ ಹೋಗಿತ್ತು.

ಮೊದಲಾಟದವಳು ಅದಾವುದಕ್ಕೂ ನಿಲ್ಲಲಿಲ್ಲ. ಕಾಲಿಗೆ ಬುದ್ಧಿ ಹೇಳಿದಳು. ಎಡವಿದಳು, ಎದ್ದಳು, ಓಡಿದಳು. ದೇವರೇ, ನನ್ನ ಮಗಳದೊಂದಾದರೂ ಬೇರೆಯಾಗಿರಲಿ, ಚಿಕ್ಕ ಮಗು, ಅವಳಿಗೆ ಅಂಕಿ ಸರಿಯಾಗಿ ಬರುವುದೂ ಇಲ್ಲ ಎಂದು ಬಾಯಿಗೆ ಬಂದದ್ದನ್ನು ಬೇಡಿಕೊಂಡಳು. ಮನೆ ಮುಟ್ಟಿ, ಹೊಸ್ತಿಲ ಮೇಲೆ ಕುಸಿದು ಕೂತಳು.

ಬೀದಿಯ ತಿರುವಿನಲ್ಲಿ ಮಗಳು ಕಂಡಳು. ನೆರೆಮನೆಯವರ ಕೈ ಬಿಡಿಸಿಕೊಂಡು ಓಡಿ ಬರುತ್ತಿದ್ದಳು. ಮುಖ ಅರಳಿತ್ತು. ಇಷ್ಟು ಕಾಲ ತೆರೆದು ತೆರೆದು ಮುಚ್ಚಿಕೊಂಡ ಬಾಯಿ ಈಗ ತುಂಬಿಕೊಂಡಿತ್ತು, ಅದು ಅವಳಿಗೂ ಗೊತ್ತಾಗಿತ್ತು, ಅದರ ಸಂತೋಷಕ್ಕೆ ಎರಡೂ ಕೈ ಮೇಲೆತ್ತಿದ್ದಳು. ಉಸಿರೆಳೆದುಕೊಂಡು, ಬೀದಿಯವರಿಗೆಲ್ಲ ಕೇಳುವಂತೆ ಕರೆದಳು.

"ಎರಡೂ!"

ತಾಯಿಯ ಹಿಂದೆಯೇ ಬಂದು ಜಗಲಿಯಲ್ಲಿ ಕೂತವರು ಮುಖ ಮುಚ್ಚಿಕೊಂಡರು. ಹುಡುಗಿ ಅರ್ಧ ದಾರಿಯಲ್ಲೇ ನಿಂತಳು. ತಾನು ಕರೆದದ್ದು ಸರಿಯಾಗಿಯೇ ಇದೆ, ಆದರೂ ಯಾಕೆ ಯಾರೂ ಬರುತ್ತಿಲ್ಲ ಎಂದು ಅವಳಿಗೆ ಗೊತ್ತಾಗಲಿಲ್ಲ. ಕೈಗಳು ನಿಧಾನವಾಗಿ ಕೆಳಗಿಳಿದವು. ಮಂಡಿ ತರಚಿಕೊಂಡಾಗ ಕರೆಯುತ್ತಿದ್ದ ಹಾಗೆ, ಮೆಲ್ಲಗೆ, ಇನ್ನೊಮ್ಮೆ ಕರೆದಳು.

"ಎರಡೂ?"

"ಓ," ಎಂದಳು ತಾಯಿ. ಹೊಸ್ತಿಲು ಹಿಡಿದುಕೊಂಡು ಎದ್ದಳು. "ಓ ಕಂದಾ. ಇಲ್ಲೇ ಇದ್ದೀನಿ, ಬಂದೆ."